ಹೊರುವ ಭುಜ, ಹೊಡೆಯುವ ಭುಜ

೨೦೦೪ರ ಜನವರಿ ಹನ್ನೆರಡು, ಸೋಮವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ನಟರಾಜ್ ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ ಅಂಗಿಯ ತೋಳಿನೊಳಗೆ ತೂರಿಸುತ್ತಿದ್ದ. ಹಾಕಿಕೊಳ್ಳುವಾಗ ಮೊದಲು ನೋಯುವ ಕೈ, ಬಿಚ್ಚುವಾಗ ಮೊದಲು ನೋಯದ ಕೈ. ಈ ಕ್ರಮವನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ನೋವೇ ಕಲಿಸಿತ್ತು.

ಹೆಂಡತಿ ಪವಿತ್ರ ಒಲೆಯ ಮುಂದಿನಿಂದ ಎದ್ದು ಬಂದು ಗುಂಡಿ ಹಾಕತೊಡಗಿದಳು.

"ಬುಡು, ನಾನೇ ಆಕ್ಕೋತೀನಿ."

"ಆಕ್ಕೊಳೋದು ಗೊತ್ತು. ಆರು ಗಂಟೆ ಬಸ್ಸು ನಿನ್ ಗುಂಡಿಗೆ ಕಾಯ್ಕೊಂಡು ನಿಂತಿರ್ತದಾ?"

ಆರು ಗಂಟೆಯ ಬಸ್ಸು ಸುತ್ತೂರಿನ ಮೇಲೆ ಟಿ. ನರಸೀಪುರಕ್ಕೆ ಹೋಗುತ್ತಿತ್ತು. ಅಲ್ಲಿ ಭುಜ, ಸೊಂಟ, ಮಂಡಿ ನೋಡುವ ಒಬ್ಬ ಹುಡುಗ ಡಾಕ್ಟರು ಇದ್ದಾನೆಂದೂ, ಮಾತ್ರೆ ಕೊಡದೆ ಕೈಕಾಲು ಆಡಿಸಿಯೇ ತನ್ನ ಮಂಡಿ ನೆಟ್ಟಗೆ ಮಾಡಿದನೆಂದೂ ಪವಿತ್ರಳ ತಾಯಿ ಪಾಪಮ್ಮ ಹೇಳಿ ಕಳಿಸಿದ್ದಳು. ನಟರಾಜ್‌ಗೆ ಅದರಲ್ಲಿ ನಂಬಿಕೆ ಇತ್ತೆಂದಲ್ಲ. ಬೇರೆ ದಾರಿ ಉಳಿದಿರಲಿಲ್ಲ.

ನಂಜನಗೂಡಿನ ಕೈಗಾರಿಕಾ ಪ್ರದೇಶದ ಹಿಂದಿನ ಬೀಳಿನಲ್ಲಿ ಕಾರ್ಖಾನೆಗಳ ಅಧಿಕಾರಿಗಳು ಸೇರಿ ೧೯೯೧ರಲ್ಲಿ ಒಂಬತ್ತು ಕುಳಿಯ ಗಾಲ್ಫ್ ಮೈದಾನ ಮಾಡಿಸಿದರು. ಹುಲ್ಲು ಬೆಳೆಸುವಷ್ಟು ನೀರಿರಲಿಲ್ಲ. ಚೆಂಡು ಬೀಳಿಸಬೇಕಾದ ಕುಳಿಯ ಸುತ್ತ ಹಸಿರಿರಬೇಕಾದ ಜಾಗದಲ್ಲಿ ಮರಳಿಗೆ ಹಳೆಯ ಎಂಜಿನ್ ಎಣ್ಣೆ ಕಲಸಿ, ಹಲಗೆ ಎಳೆದು, ಕಂದು ಬಣ್ಣದ ವೃತ್ತ ಮಾಡಿದ್ದರು. ಉಳಿದದ್ದೆಲ್ಲ ಕೆಂಪು ಗೊರಚು ನೆಲ. ಬೇಸಿಗೆಯಲ್ಲಿ ಚೆಂಡು ಅದರ ಮೇಲೆ ಬಿದ್ದರೆ ಸಿಮೆಂಟಿನ ಮೇಲೆ ಬಿದ್ದಂತೆ ಪುಟಿಯುತ್ತಿತ್ತು. ಆ ನೆಲದಲ್ಲಿ ಕಲ್ಲು ಆರಿಸುವ ಕೂಲಿಗೆ ಬಂದವನು ನಟರಾಜ್. ಆಗ ಇಪ್ಪತ್ತೆರಡು ವರ್ಷ. ಮೈದಾನ ಮುಗಿದ ಮೇಲೆ ಅಲ್ಲೇ ಕ್ಯಾಡಿಯಾಗಿ ಉಳಿದ. ಆಡುವವರ ಬ್ಯಾಗು ಹೊತ್ತು ಹಿಂದೆ ನಡೆಯುವುದು, ಕೇಳಿದ ಕೋಲು ತೆಗೆದು ಕೊಡುವುದು, ಚೆಂಡು ಹುಡುಕುವುದು ಕ್ಯಾಡಿಯ ಕೆಲಸ. ಒಂದು ಬ್ಯಾಗಿನ ಭಾರ ಸುಮಾರು ಹದಿನೈದು ಕಿಲೋ. ಜನ ಸಾಲದ ದಿನ ಎರಡು ಬ್ಯಾಗು.

ಸೋಮವಾರ ಕ್ಲಬ್ಬಿಗೆ ರಜೆ. ಅಂದು ಕ್ಯಾಡಿಗಳು ಆಡಬಹುದು. ಸಾಹೇಬರು ಬಿಸಾಡಿದ ಕೋಲುಗಳಿಗೆ ಸೈಕಲ್ ಹ್ಯಾಂಡಲಿನ ರಬ್ಬರು ಸುತ್ತಿಕೊಂಡು ಎಲ್ಲರೂ ಆಡುತ್ತಿದ್ದರು. ಅವರಲ್ಲಿ ನಟರಾಜ್‌ಗೆ ಕೈ ಕುದುರಿತು. ಏಳೆಂಟು ವರ್ಷಗಳಲ್ಲಿ ಅವನು ಹೊಡೆದರೆ ನಿಂತು ನೋಡುವಂತಾಯಿತು. ಹೊಸದಾಗಿ ವರ್ಗವಾಗಿ ಬಂದ ಎಂಜಿನಿಯರುಗಳಿಗೆ ಕೋಲು ಹಿಡಿಯುವುದನ್ನು ತೋರಿಸಲು ಅವನನ್ನೇ ಕರೆಯುತ್ತಿದ್ದರು.

ಕ್ಯಾಡಿಗಳಿಗೆ ಅವರದೇ ಒಂದು ನಿಯಮವಿತ್ತು. ಅದನ್ನು ಮಾಡಿದವನು ಅವರಲ್ಲಿ ಹಿರಿಯ ಚಾಮಯ್ಯ. ನಟರಾಜ್ ಕೆಲಸಕ್ಕೆ ಸೇರಿದ ವಾರವೇ ಅವನ ಬಲಭುಜದಿಂದ ಬ್ಯಾಗು ಕಿತ್ತು ಎಡಕ್ಕೆ ಹಾಕಿದ್ದ.

"ಎಡಭುಜ ಓರಕ್ಕೆ, ಬಲಭುಜ ಒಡಿಯಕ್ಕೆ. ಬಲಕ್ಕೆ ಬ್ಯಾಗ್ ಆಕ್ದೋನು ಸೋಮವಾರ ಅಳ್ತಾನೆ ಕಣ್ಲಾ."

ಎಲ್ಲರೂ ಅದನ್ನು ಪಾಲಿಸಿದರು. ನಟರಾಜ್ ಎಲ್ಲರಿಗಿಂತ ಹೆಚ್ಚು ಪಾಲಿಸಿದ. ಮನೆಯಲ್ಲೂ ಭತ್ತದ ಮೂಟೆ, ಸೌದೆ ಹೊರೆ, ಗೊಬ್ಬರದ ಮಂಕರಿ ಎಲ್ಲವೂ ಎಡಭುಜಕ್ಕೇ. ಬಲಭುಜವನ್ನು ಆಟಕ್ಕೆಂದು ಹನ್ನೆರಡು ವರ್ಷ ಜೋಪಾನ ಮಾಡಿದ. ಮದುವೆಯಾದ ಹೊಸದರಲ್ಲಿ ಪವಿತ್ರ, "ಆ ಕಡೆ ಭುಜಕ್ಕೇನು ದೇವ್ರು ಕೂತವ್ನಾ?" ಎಂದು ಕೇಳಿದ್ದಳು.

೨೦೦೩ರ ಮಳೆಗಾಲಕ್ಕೆ ಮುಂಚೆ ಕ್ಲಬ್ಬಿನವರು ಒಂದು ತಗಡಿನ ಚಪ್ಪರ ಹಾಕಿಸಿದರು. ಕಲಿಯುವವರು ಸಾಲಾಗಿ ನಿಂತು ಹೊಡೆಯುವ ಜಾಗ. ಅದಕ್ಕೊಬ್ಬ ಕಲಿಸುವವನು ಬೇಕಾಗಿತ್ತು. ಸೆಕ್ರೆಟರಿ ಸಾಹೇಬರು ನಟರಾಜ್‌ನನ್ನು ಕರೆದು ಹೇಳಿದರು: ಬೆಂಗಳೂರಿನಲ್ಲಿ ಕಲಿಸುವವರಿಗೆ ಒಂದು ಪರೀಕ್ಷೆ ನಡೆಯುತ್ತದೆ, ಒಂದೇ ದಿನ ಎರಡು ಸುತ್ತು ಆಡಿ ತೋರಿಸಬೇಕು, ಪಾಸಾಗಿ ಬಂದರೆ ತಿಂಗಳ ಸಂಬಳದ ಕೆಲಸ ನಿನ್ನದು, ಇಲ್ಲದಿದ್ದರೆ ಮೈಸೂರಿನಿಂದ ಒಬ್ಬನನ್ನು ಕರೆಸುತ್ತೇವೆ. ಪರೀಕ್ಷೆಗೆ ಮೂವತ್ತೈದು ತುಂಬಿರಬಾರದು. ನಟರಾಜ್‌ಗೆ ಮರುವರ್ಷದ ಜೂನಿಗೆ ಮೂವತ್ತೈದು ತುಂಬುತ್ತಿತ್ತು. ಪರೀಕ್ಷೆ ಇದ್ದದ್ದು ಏಪ್ರಿಲಿನ ಕೊನೆಯ ಭಾನುವಾರ. ಅಂದರೆ ಇದ್ದದ್ದು ಒಂದೇ ಸಲ.

ಆ ಕೆಲಸ ಬೇಕೆನಿಸಿದ್ದು ಸಂಬಳಕ್ಕೆ ಮಾತ್ರವಲ್ಲ. ಹೊತ್ತು ನಡೆಯುವುದು ಬಿಟ್ಟು ಒಂದು ಕಡೆ ನಿಂತುಕೊಂಡು ಕೆಲಸ ಮಾಡುವುದು ಹೇಗಿರುತ್ತದೆಂದು ಅವನು ಯೋಚಿಸತೊಡಗಿದ್ದ. ಬೆಳಗಿನಿಂದ ಬ್ಯಾಗು ಹೊತ್ತು, ಸಂಜೆ ಚಪ್ಪರದಲ್ಲಿ ಕತ್ತಲಾಗುವ ತನಕ ಹೊಡೆಯುತ್ತಿದ್ದ. ಸಿಮೆಂಟು ನೆಲ, ಅದರ ಮೇಲೆ ತೆಂಗಿನ ನಾರಿನ ಚಾಪೆ. ಚೆಂಡಿಗೆ ಬೀಳಬೇಕಾದ ಏಟು ಒಂದು ಬೆರಳಿನಷ್ಟು ಹಿಂದೆ ಬಿದ್ದರೂ ಚಾಪೆಯ ಕೆಳಗಿನ ಸಿಮೆಂಟು ಅದನ್ನು ವಾಪಸು ಕೊಡುತ್ತಿತ್ತು. ಗೌರಿ ಹಬ್ಬದ ಹೊತ್ತಿಗೆ ಎಡಭುಜದ ತುದಿಯಲ್ಲಿ ನೋವು ಶುರುವಾಯಿತು. ಹೊರುವ ಭುಜ ತಾನೇ, ನೋಯಲಿ ಎಂದುಕೊಂಡ. ದೀಪಾವಳಿಗೆ ಎಡಮಗ್ಗುಲಲ್ಲಿ ಮಲಗಲು ಆಗಲಿಲ್ಲ.

ಆಮೇಲೆ ಕವಲಂದೆ ಕಡೆಯ ಪುಟ್ಟಬಸವಯ್ಯನ ಹತ್ತಿರ ಹೋದ. ಮುರಿದ ಮೂಳೆ ಕೂಡಿಸುವುದರಲ್ಲಿ ಪುಟ್ಟಬಸವಯ್ಯನಿಗೆ ಹೆಸರಿತ್ತು. ಅವನು ಒತ್ತಿ ನೋಡಿ, "ಮೂಳೆ ಮುರ್ದಿಲ್ಲ ಕಣಪ್ಪ. ಆದ್ರೂ ಬಂದಿದ್ದೀಯ, ಕಟ್ತೀನಿ," ಎಂದ. ಉದ್ದಿನ ಹಿಟ್ಟಿಗೆ ಮೊಟ್ಟೆಯ ಬಿಳಿ ಕಲಸಿ ಬಳಿದು, ಬಟ್ಟೆ ಸುತ್ತಿ, ಕೈಯನ್ನು ಎದೆಗೆ ಸೇರಿಸಿ ಕಟ್ಟಿದ. ಮೂರು ವಾರ ಹಾಗೇ ಇತ್ತು. ಮುರಿದ ಮೂಳೆಗೆ ಅದು ಸರಿಯಾದ ಕ್ರಮವೇ. ಆದರೆ ಇಲ್ಲಿ ಕೆಟ್ಟಿದ್ದು ಮೂಳೆಯಲ್ಲ. ಕಟ್ಟು ಬಿಚ್ಚಿದಾಗ ನೋವು ಸ್ವಲ್ಪ ಕಡಿಮೆಯಾಗಿತ್ತು, ಕೈ ಮಾತ್ರ ಎದೆಮಟ್ಟದಿಂದ ಮೇಲಕ್ಕೆ ಹೋಗುತ್ತಿರಲಿಲ್ಲ. ಆಡಿಸದೆ ಇಟ್ಟ ಕೀಲು ಬಿಗಿದುಕೊಂಡಿತ್ತು.

ಟಿ. ನರಸೀಪುರದಲ್ಲಿ ಆ ಹುಡುಗ ಡಾಕ್ಟರು ಅಮೃತೇಶನ ಕ್ಲಿನಿಕ್ಕು ಅವನ ತಂದೆಯ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಮೆಟ್ಟಿಲವರೆಗೂ ಯೂರಿಯಾದ ವಾಸನೆ. ಮೈಸೂರಿನಲ್ಲಿ ಫಿಸಿಯೋಥೆರಪಿ ಓದಿ ಬಂದಿದ್ದ ಅವನಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ. ಬರುವವರಲ್ಲಿ ಹೆಚ್ಚಿನವರು ಕಬ್ಬಿನ ಲಾರಿ ತುಂಬುವವರು, ಬಸ್ ಡ್ರೈವರುಗಳು, ನಾಟಿ ಮಾಡಿ ಸೊಂಟ ಹಿಡಿದುಕೊಂಡ ಹೆಂಗಸರು. ಅಂದೂ ಬೆಂಚಿನ ಮೇಲೆ ಕಬ್ಬಿನವರಿಬ್ಬರು ಕೂತಿದ್ದರು.

"ಏನ್ ಕೆಲಸ?" ಅಮೃತೇಶ್ ಕೇಳಿದ.

"ಗಾಲ್ಫು, ಸಾ."

ಅಮೃತೇಶ್ ತಲೆಯೆತ್ತಿದ. "ಆಡ್ತೀರಾ?"

"ಓರ್ತೀನಿ. ಸೋಮವಾರ ಆಡ್ತೀನಿ."

ಬೆಂಚಿನಿಂದ ಒಬ್ಬ ಬಾಯಿ ಹಾಕಿದ. "ಯಾವ್ದಣ್ಣ ಅದು? ಚೆಂಡನ್ನ ದೂರ ಒಡ್ದು, ಆಮೇಲೆ ತಾವೇ ಉಡುಕ್ಕೊಂಡು ಓಯ್ತಾರಲ್ಲ, ಅದಾ?"

"ಊಂ, ಅದೇ."

"ಅಷ್ಟಕ್ಕೆ ಭುಜ ಓಯ್ತಾ! ನಾವು ದಿನಾ ಲಾರಿ ತುಂಬ್ತೀವಲ್ಲಪ್ಪ."

"ತುಂಬಿ ತುಂಬಿ ತಾನೇ ನೀನೂ ಇಲ್ಲಿ ಕೂತಿರೋದು," ಎಂದ ಅಮೃತೇಶ್. ಬೆಂಚು ನಕ್ಕಿತು. ನಟರಾಜ್‌ಗೆ ನಗಲಾಗಲಿಲ್ಲ.

ಅಮೃತೇಶ್ ಗಾಲ್ಫ್ ಆಟವನ್ನು ಟಿವಿಯಲ್ಲಿ ಬಿಟ್ಟು ಎಲ್ಲೂ ನೋಡಿರಲಿಲ್ಲ. ಮೂಲೆಯಲ್ಲಿದ್ದ ಪೊರಕೆ ಕೊಟ್ಟು, ನಿಧಾನವಾಗಿ ಬೀಸಿ ತೋರಿಸಿ ಎಂದ. ನಟರಾಜ್ ಪೊರಕೆ ಹಿಡಿದು ಕಾಲು ಅಗಲಿಸಿ ನಿಂತು ಬಲಕ್ಕೆ ಎತ್ತಿದ. ಕೈ ಎದೆ ದಾಟುತ್ತಿದ್ದಂತೆ ಮುಖ ಕಿವುಚಿಕೊಂಡಿತು.

"ಅಲ್ಲೇ ನಿಲ್ಲಿ." ಅಮೃತೇಶ್ ಸುತ್ತ ನಡೆದು ನೋಡಿದ. ಹಿಂದಿನಿಂದ ಅಂಗಿ ಸರಿಸಿ ಬೆನ್ನಿನ ಎರಡೂ ಕಡೆಯ ರೆಕ್ಕೆ ಮೂಳೆಗಳನ್ನು ಹೋಲಿಸಿದ. ಎಡಗಡೆ ಮೂಳೆಯ ಮೇಲಿನ ಮಾಂಸ ಕರಗಿ ಹಳ್ಳ ಬಿದ್ದಿತ್ತು. "ಬ್ಯಾಗು ಯಾವ ಭುಜದ ಮೇಲೆ?"

"ಎಡ, ಸಾ. ಬಲಭುಜಕ್ಕೆ ಹನ್ನೆರಡು ವರ್ಷದಿಂದ ಏನೂ ಆಕಿಲ್ಲ. ಅದು ಆಡೋ ಭುಜ. ಅದೊಂದು ಚೆನ್ನಾಗೈತೆ." ಇದನ್ನು ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು.

ಅಮೃತೇಶ್ ಪೊರಕೆಯನ್ನು ತಾನೇ ತೆಗೆದುಕೊಂಡು ಅವನಂತೆಯೇ ನಿಂತ.

"ನೀವು ಬಲಗೈ ಆಟಗಾರರು. ಕೋಲು ಬಲಕ್ಕೆ ಏಳುವಾಗ ಎದೆ ಮೇಲೆ ಅಡ್ಡ ದಾಟಿ ಎಳೆಸಿಕೊಳ್ಳೋದು ಯಾವ ಕೈ?"

ನಟರಾಜ್ ನೋಡಿದ. "ಎಡ."

"ಇಳಿದು ಬರುವಾಗ ಮುಂದೆ ನಿಂತು ಎಳೆಯೋದು?"

"...ಎಡ."

"ನೆಲಕ್ಕೆ ಬಡಿದ್ರೆ ಆ ಏಟು ಮೊದಲು ಏರೋದು?"

ನಟರಾಜ್ ಬಲಗೈಯಿಂದ ತನ್ನ ಎಡಭುಜ ಮುಟ್ಟಿ ನೋಡಿಕೊಂಡ.

ಅಮೃತೇಶ್ ತನ್ನ ಭುಜವನ್ನೇ ಮುಟ್ಟಿ ತೋರಿಸುತ್ತ ವಿವರಿಸಿದ. ಭುಜದ ಮೇಲೆ ಮೂಳೆಯದೊಂದು ಸೂರು ಇದೆ. ಅದರ ಕೆಳಗಿನ ಸಣ್ಣ ಸಂದಿನಲ್ಲಿ ತೋಳನ್ನು ಎತ್ತುವ ಸ್ನಾಯುವಿನ ಹುರಿ ಹಾದುಹೋಗುತ್ತದೆ. ಕೈ ಮೇಲೇಳುವಾಗ ರೆಕ್ಕೆ ಮೂಳೆ ಜರುಗಿ ಆ ಸೂರನ್ನು ಸ್ವಲ್ಪ ಎತ್ತಿಕೊಡಬೇಕು. ಬ್ಯಾಗಿನ ಪಟ್ಟಿ ವರ್ಷಗಟ್ಟಲೆ ಒಂದೇ ಕಡೆ ಜಗ್ಗಿದರೆ ರೆಕ್ಕೆ ಮೂಳೆಯನ್ನು ಹಿಡಿದಿಡುವ ಮಾಂಸಖಂಡಗಳು ಸೋಲುತ್ತವೆ, ಸೂರು ಇಳಿಯುತ್ತದೆ, ಹುರಿ ಪ್ರತಿ ಬೀಸಿಗೂ ಉಜ್ಜಿಕೊಳ್ಳುತ್ತದೆ. ಸಿಮೆಂಟಿನ ಏಟು ಸೇರಿದಾಗ ಹುರಿ ಊದುತ್ತದೆ. ಮೂರು ವಾರ ಕಟ್ಟಿಟ್ಟಾಗ ಕೀಲನ್ನು ಸುತ್ತಿರುವ ಚೀಲವೂ ಬಿಗಿಯುತ್ತದೆ.

"ಹುರಿ ಕಿತ್ತಿಲ್ಲ ಅನ್ಸುತ್ತೆ. ಒತ್ತಿ ಹಿಡಿದ್ರೆ ಬಲ ಇದೆ. ಅದೊಂದು ಅದೃಷ್ಟ," ಎಂದ.

"ಅಂಗಾದ್ರೆ ನಾನು ಉಳಿಸಿದ್ದು, ಸಾ?"

"ಬೇರೆ ಭುಜ."

ನಟರಾಜ್ ಬೆಂಚಿನ ತುದಿಯಲ್ಲಿ ಕೂತ. ಕಬ್ಬಿನವನು ಜರುಗಿ ಜಾಗ ಕೊಟ್ಟ. ಆ ಹೊತ್ತಿನಲ್ಲಿ ಅವನಿಗೆ ಸಿಟ್ಟು ಬರಲಿಲ್ಲ, ದುಃಖವೂ ಆಗಲಿಲ್ಲ. ಹನ್ನೆರಡು ವರ್ಷದ ಆಯಾಸ ಒಟ್ಟಿಗೆ ಮೈಗೆ ಬಂದಂತಾಗಿ ನಿದ್ದೆ ಎಳೆಯಿತು ಎಂದು ಆಮೇಲೆ ಪವಿತ್ರಳಿಗೆ ಹೇಳಿದ.

ಚಿಕಿತ್ಸೆ ಹೀಗಿತ್ತು. ಒಂದೂವರೆ ತಿಂಗಳು ಕೋಲು ಬೀಸುವಂತಿಲ್ಲ. ಹಾಗೆಂದು ಕೈ ಕಟ್ಟಿಡುವಂತೆಯೂ ಇಲ್ಲ. ಮುಂದಕ್ಕೆ ಬಾಗಿ, ತೋಳನ್ನು ಬಾವಿಯ ಹಗ್ಗದಂತೆ ಇಳಿಬಿಟ್ಟು ತೂಗಬೇಕು. ಗೋಡೆಯ ಮೇಲೆ ಬೆರಳು ಹತ್ತಿಸಬೇಕು. ಎರಡನೆಯ ವಾರದಿಂದ ಹಳೆಯ ಸೈಕಲ್ ಟ್ಯೂಬನ್ನು ಕಂಬಕ್ಕೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಮುಂಗೈಯನ್ನು ಹೊರಕ್ಕೆ ಎಳೆಯಬೇಕು. ಅದೇ ಟ್ಯೂಬನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಎಳೆದು ರೆಕ್ಕೆ ಮೂಳೆಗಳನ್ನು ಕೂಡಿಸಬೇಕು. ಒಂದು ಅಭ್ಯಾಸ ಭುಜಕ್ಕೆ ಸಂಬಂಧವೇ ಇಲ್ಲದಂತೆ ಕಂಡಿತು: ಮಣೆಯ ಮೇಲೆ ಕೂತು, ಕೈ ಎದೆಗೆ ಕಟ್ಟಿ, ಬೆನ್ನು ಮತ್ತು ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು. ಸೊಂಟ ತಿರುಗದಿದ್ದರೆ ಆ ತಿರುವನ್ನೂ ಭುಜವೇ ಕೊಡಬೇಕಾಗುತ್ತದೆ, ಅದಕ್ಕೆ ಎಂದ ಅಮೃತೇಶ್. ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳದೆ ಮೊದಲ ಚೆಂಡನ್ನೇ ಜೋರಾಗಿ ಹೊಡೆಯುವುದು, ದಣಿದ ಮೇಲೂ ಹೊಡೆಯುತ್ತಲೇ ಇರುವುದು, ಇವೆರಡೂ ಇನ್ನು ಮೇಲೆ ಇಲ್ಲ.

"ಏಪ್ರಿಲಿಗೆ ಆಯ್ತದಾ, ಸಾ?"

"ನೀವು ಹೇಳಿದಷ್ಟೇ ಮಾಡಿದ್ರೆ ಆಗಬಹುದು. ಹೆಚ್ಚಿಗೆ ಮಾಡಿದ್ರೆ ಆಗಲ್ಲ."

ಎರಡು ವಾರದ ಮೇಲೆ ಒಂದು ಸೋಮವಾರ ಅಮೃತೇಶ್ ತಾನೇ ಬೈಕಿನಲ್ಲಿ ಮೈದಾನಕ್ಕೆ ಬಂದ. ಪೊರಕೆ ಬೀಸಿದ್ದನ್ನು ನೋಡಿ ಚಿಕಿತ್ಸೆ ಕೊಡುವುದು ಅವನಿಗೆ ಸಮಾಧಾನವಾಗಿರಲಿಲ್ಲ. ಕ್ಯಾಡಿಗಳು ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ನಟರಾಜ್ ಪರಿಚಯ ಮಾಡಿಸಿ, ಆಟಕ್ಕೂ ದುಡಿಯುವುದು ಎಡಭುಜವೇ ಎಂದು ಡಾಕ್ಟರು ತೋರಿಸಿಕೊಟ್ಟದ್ದನ್ನು ಅವರಿಗೆ ಅಂದು ಮೊದಲ ಸಲ ಹೇಳಿದ.

ಚಾಮಯ್ಯನಿಗೆ ಆಗ ಐವತ್ತರ ಮೇಲೆ. ಬಾಯಲ್ಲಿದ್ದ ಮುದ್ದೆ ನುಂಗಿ, "ಏನ್ ಡಾಕ್ಟ್ರೇ, ಬಂದ ದಿನವೇ ನಮ್ ಕಾನೂನು ಕೆಡಸ್ತಾ ಇದ್ದೀರಾ?" ಎಂದ.

"ಕೆಡಸಲ್ಲ. ಒಂದ್ಸಲ ಎಲ್ಲರೂ ಎದ್ದು ನಿಂತು ಎರಡೂ ಕೈ ಮೇಲೆತ್ತಿ, ನೋಡೋಣ."

"ಪೊಲೀಸ್ನೋರು ಬಂದಂಗಾಯ್ತಲ್ಲಪ್ಪೋ," ಎನ್ನುತ್ತ ಎದ್ದರು. ಎಲ್ಲರೂ ಕೈ ಎತ್ತಿದರು. ಬಲಗೈಗಳೆಲ್ಲ ಕಿವಿಯ ಪಕ್ಕ ನೆಟ್ಟಗೆ ನಿಂತವು. ಎಡಗೈಗಳಲ್ಲಿ ಒಂದು ಕೆನ್ನೆಯ ಹತ್ತಿರ, ಒಂದು ಇನ್ನೂ ಕೆಳಗೆ ನಿಂತಿತು. ಹೊಸದಾಗಿ ಸೇರಿದ ಇಬ್ಬರದು ಮಾತ್ರ ಪೂರ್ತಿ ಹೋಗಿತ್ತು. ಎಲ್ಲಕ್ಕಿಂತ ಕೆಳಗೆ ನಿಂತದ್ದು ಚಾಮಯ್ಯನದು.

ಒಬ್ಬರ ಕೈಯನ್ನು ಇನ್ನೊಬ್ಬರು ನೋಡಿದರು. ಪ್ರತಿಯೊಬ್ಬನೂ ಅದು ತನ್ನೊಬ್ಬನ ವಯಸ್ಸು, ತನ್ನೊಬ್ಬನ ವಾಯು ಎಂದುಕೊಂಡಿದ್ದ.

"ಅಣ್ಣ, ನಿಂದು ಯಾವಾಗಿಂದ?" ನಟರಾಜ್ ಕೇಳಿದ.

"ಯಾವತ್ತೋ ಓಗ್ಯದೆ ಕಣ್ಲಾ. ಏಳಿ ಏನ್ಮಾಡ್ಲಿ? ಓರೋ ಭುಜ ನೋಯ್ತದೆ, ಅದ್ರಲ್ಲಿ ಏಳೋದೇನಿದೆ ಅಂತ ಸುಮ್ಗಿದ್ದೆ." ಚಾಮಯ್ಯ ಕೈ ಇಳಿಸಿ ಮತ್ತೆ ಬುತ್ತಿಯ ಮುಂದೆ ಕೂತ. ತಿನ್ನಲಿಲ್ಲ. "ನಾನೇ ತಾನೆ ನಿನ್ ಭುಜಕ್ಕೆ ಬ್ಯಾಗ್ ಆಕಿದ್ದು," ಎಂದ.

"ಬುಡಣ್ಣ. ಗೊತ್ತಿದ್ರೆ ಆಕ್ತಿದ್ಯಾ?"

ಅಭ್ಯಾಸ ಮಾಡುವುದು ಬೇಸರದ ಕೆಲಸ. ಹೊತ್ತು ಹಾಕುವ ಭಾರದಲ್ಲಿ ಮುಗಿಸಿದೆ ಎನ್ನುವುದಾದರೂ ಇರುತ್ತದೆ. ಇಲ್ಲಿ ದಿನವೂ ಅದೇ ಕಂಬ, ಅದೇ ಟ್ಯೂಬು, ನಿನ್ನೆಗಿಂತ ಕೂದಲೆಳೆಯಷ್ಟು ಹೆಚ್ಚು. ಪವಿತ್ರ ರೇಷ್ಮೆ ನೂಲು ಬಿಚ್ಚುವ ಕೆಲಸದಿಂದ ಬಂದು, ಅಡಿಗೆಗೆ ಕೂರುವ ಮುಂಚೆ ಅವನ ಬೆನ್ನ ಹಿಂದೆ ನಿಂತು, "ಭುಜ ಕಿವಿಗೆ ಏರ್ತಾ ಅದೆ, ಇಳ್ಸು," ಎನ್ನುತ್ತಿದ್ದಳು. ಬಿಸಿನೀರಿನಲ್ಲಿ ಬೆರಳು ಬೆಂದು ಬಿಳಿಚಿದ ಅವಳ ಕೈ ಅವನ ರೆಕ್ಕೆ ಮೂಳೆಯನ್ನು ಒತ್ತಿ ಹಿಡಿಯುತ್ತಿತ್ತು.

ಫೆಬ್ರವರಿಯ ಕೊನೆಯಲ್ಲಿ ಅಧಿಕಾರಿಗಳ ಪಂದ್ಯ ಬಂತು. ಪರೀಕ್ಷೆಯ ಅರ್ಜಿಗೆ ಸೆಕ್ರೆಟರಿ ಸಾಹೇಬರ ಸಹಿ ಇನ್ನೂ ಆಗಿರಲಿಲ್ಲ. ಅಂದು ಅವರು ಎರಡು ಬ್ಯಾಗು ತೋರಿಸಿ, "ನಟರಾಜ, ಇವೆರಡೂ ನಿಂದು," ಎಂದರು.

"ಒಂದು ಓರ್ತೀನಿ, ಸಾ. ಎರಡು ಆಗಲ್ಲ. ಭುಜಕ್ಕೆ ಟ್ರೀಟ್‌ಮೆಂಟ್ ನಡೀತದೆ."

"ಬ್ಯಾಗು ಹೊರಕ್ಕಾಗದೋನು ಎರಡು ಸುತ್ತು ಹೇಗಯ್ಯ ಆಡ್ತೀಯ? ಸಹಿ ಹಾಕಿ ನಾನು ನಗೆಪಾಟಲಾಗಬೇಕಾ?"

ಅದು ಅನ್ಯಾಯದ ಪ್ರಶ್ನೆಯೇನಲ್ಲ. ನಟರಾಜ್‌ನ ಕೈ ಎರಡನೆಯ ಬ್ಯಾಗಿನ ಕಡೆ ಹೋಗುತ್ತಿತ್ತು. ಅಷ್ಟರಲ್ಲಿ ಚಾಮಯ್ಯ ಮರದ ಹಿಂದಿನಿಂದ ಒಂದು ಖಾಲಿ ಬ್ಯಾಗು ತಂದು, ಎರಡರಲ್ಲಿ ಒಂದರ ಕೋಲುಗಳನ್ನು ಅದಕ್ಕೆ ತುಂಬಿಟ್ಟ. ಗುಜರಿಯಿಂದ ಹಳೇ ಜೀಪಿನ ಸೀಟು ಬೆಲ್ಟು ತಂದು, ಚಪ್ಪಲಿ ಹೊಲಿಯುವವನ ಹತ್ತಿರ ಹೊಲಿಸಿ, ಬ್ಯಾಗಿಗೆ ಎರಡು ಪಟ್ಟಿ ಮಾಡಿಸಿದ್ದ. ಶಾಲೆಯ ಮಕ್ಕಳ ಬ್ಯಾಗಿನಂತೆ ಎರಡೂ ಭುಜಕ್ಕೆ ಏರಿಸಬಹುದಿತ್ತು.

"ಸಾ, ಇದನ್ನ ಅವ್ನು ಓರ್ತಾನೆ. ಆ ಇನ್ನೊಂದು ನಂಗೆ ಕೊಡಿ."

ಸೆಕ್ರೆಟರಿ ಬೆಲ್ಟು ಹಿಡಿದು ನೋಡಿ ನಕ್ಕರು. "ಏನೋ ಚಾಮಯ್ಯ, ಒಂದನೇ ಕ್ಲಾಸಿಗೆ ಸೇರಿಸ್ತಿದ್ದೀಯ ಇವನನ್ನ?"

"ಊಂ ಸಾ. ಪಾಸಾಗ್ಲಿ ಅಂತ."

ಅವತ್ತು ಇಡೀ ಸುತ್ತು ನಟರಾಜ್ ಅದನ್ನು ಹೊತ್ತ. ಸಂಜೆ ಸಹಿ ಆಯಿತು. ಚಾಮಯ್ಯ ತನ್ನ ಬ್ಯಾಗನ್ನು ಆ ದಿನ ಮೊದಲ ಸಲ ಬಲಕ್ಕೆ ಹಾಕಿಕೊಂಡು ನಡೆದಿದ್ದ. ಕುಳಿಯಿಂದ ಕುಳಿಗೆ ಭುಜ ಬದಲಿಸುವುದು ಕ್ಯಾಡಿಗಳಲ್ಲಿ ಅಲ್ಲಿಂದ ಶುರುವಾಯಿತು.

ಮಾರ್ಚಿನಲ್ಲಿ ಕೋಲು ಹಿಡಿಯಲು ಅಪ್ಪಣೆಯಾಯಿತು. ಮೊದಲು ಕುಳಿಯ ಹತ್ತಿರದ ಸಣ್ಣ ತಳ್ಳು, ಆಮೇಲೆ ಮೊಣಕಾಲೆತ್ತರದ ಬೀಸು, ಆಮೇಲೆ ಸೊಂಟದೆತ್ತರ. ದಿನ ಬಿಟ್ಟು ದಿನ. ಚಾಪೆ ಬೇಡ, ಮರಳಿನ ಮೇಲೆ. ಒಂದು ಬೆಳಿಗ್ಗೆ ನೋವೇ ಇಲ್ಲದಂತೆ ಕಂಡಾಗ ನಟರಾಜ್ ಯಾರಿಗೂ ಹೇಳದೆ ಉದ್ದದ ಕೋಲು ತೆಗೆದು ಹಳೆಯ ಬೀಸಿನಲ್ಲಿ ಮೂರು ಚೆಂಡು ಹೊಡೆದ. ಮೂರೂ ಬೇಲಿಯ ತನಕ ಹೋದವು. ಸಂಜೆ ಹೊತ್ತಿಗೆ ಕೈ ಎತ್ತಿ ಲೋಟ ಹಿಡಿಯಲಾಗಲಿಲ್ಲ.

ಮರುದಿನ ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದ. ಅಮೃತೇಶ್ ಬಯ್ಯಲಿಲ್ಲ. ಐಸನ್ನು ಬಟ್ಟೆಯಲ್ಲಿ ಸುತ್ತಿ ಭುಜದ ಮೇಲಿಟ್ಟ.

"ಆ ಬೀಸು ಏಪ್ರಿಲಿಗೆ ವಾಪಸ್ ಬರಲ್ಲ," ಎಂದ. "ಬಹುಶಃ ಯಾವತ್ತೂ ಪೂರ್ತಿ ಬರಲ್ಲ. ಅದಿಲ್ಲದೆ ಆಡೋಕಾಗುತ್ತಾ?"

"ಅದಿಲ್ದೆ ಆಟ ಏನು, ಸಾ?"

"ಕೈ ಎದೆಮಟ್ಟ ದಾಟಬಾರದು. ಉಳಿದದ್ದು ಸೊಂಟದಿಂದ ಬರಬೇಕು. ದೂರ ಬೇಕಾದ್ರೆ ಉದ್ದದ ಕೋಲು ತಗೊಳ್ಳಿ, ದೊಡ್ಡ ಬೀಸು ಬೇಡ. ಚೆಂಡು ಮೊದಲಿಗಿಂತ ಹಿಂದೆ ಬೀಳುತ್ತೆ. ಬೀಳಲಿ."

ನಟರಾಜ್ ತಲೆಯಾಡಿಸಿದ. ಒಪ್ಪಿದನೆಂದಲ್ಲ. ವಾದ ಮಾಡಲು ದಣಿವಾಗಿತ್ತು. ಆಮೇಲಿನ ಐದು ವಾರ ಅವನು ಅರ್ಧ ಬೀಸನ್ನೇ ಕಲಿತ. ಬೀಸಿಗೆ ಸೊಬಗಿರಲಿಲ್ಲ. ನೋಡಿದ ಎಂಜಿನಿಯರೊಬ್ಬರು, "ಏನಯ್ಯ, ಸೊಳ್ಳೆ ಓಡಿಸ್ತಿದ್ದೀಯ?" ಎಂದರು.

ಪರೀಕ್ಷೆಯ ದಿನ ಬೆಂಗಳೂರಿಗೆ ಚಾಮಯ್ಯ ಜೊತೆಯಲ್ಲಿ ಬಂದ, ಕ್ಯಾಡಿಯಾಗಿ. ನಿಯಮ ಸರಳ: ಹದಿನೆಂಟು ಕುಳಿಯ ಎರಡು ಸುತ್ತು, ಎರಡೂ ಸೇರಿ ನೂರಾ ಅರವತ್ತು ಹೊಡೆತಕ್ಕೆ ಮೀರಬಾರದು. ಬಂದವರಲ್ಲಿ ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನವರು. ಅವರು ಬಂದವರೇ ದೂರ ದೂರ ಹೊಡೆಯುತ್ತ ನಿಂತಾಗ ನಟರಾಜ್ ಗೇಟಿನ ಕಂಬಕ್ಕೆ ಸೈಕಲ್ ಟ್ಯೂಬು ಕಟ್ಟಿ ಎಳೆಯುತ್ತಿದ್ದ.

"ಎಲ್ರೂ ನಿನ್ನೇ ನೋಡ್ತಾವ್ರೆ ಕಣ್ಲಾ," ಎಂದ ಚಾಮಯ್ಯ.

"ನೋಡ್ಲಿ."

ಅಲ್ಲಿ ಕುಳಿಯ ಸುತ್ತ ಮರಳಲ್ಲ, ಹಸಿರು ಹುಲ್ಲು. ನೆಲ ಮೆತ್ತಗಿತ್ತು. ತಪ್ಪಿ ಬಿದ್ದ ಏಟನ್ನು ಅದು ನುಂಗಿಕೊಳ್ಳುತ್ತಿತ್ತು. ಬೆಳಗಿನ ಸುತ್ತಿನಲ್ಲಿ ಜೊತೆಯವರ ಚೆಂಡು ಪ್ರತಿ ಸಲವೂ ಅವನದಕ್ಕಿಂತ ಬಹಳ ಮುಂದೆ ಬಿತ್ತು. ಅವನು ಎರಡು ಹೊಡೆತಕ್ಕೆ ತಲುಪಬೇಕಾದಲ್ಲಿಗೆ ಮೂರಕ್ಕೆ ತಲುಪಿದ, ಕುಳಿಯ ಹತ್ತಿರ ಬಂದ ಮೇಲೆ ಕಳೆದದ್ದನ್ನು ಗಳಿಸಿಕೊಂಡ. ಎಪ್ಪತ್ತೇಳು ಹೊಡೆತ. ಎರಡನೆಯ ಸುತ್ತಿಗೆ ಎಂಬತ್ತಮೂರು ಉಳಿದಿತ್ತು.

ಮಧ್ಯಾಹ್ನ ಊಟದ ಬದಲು ಭುಜಕ್ಕೆ ಐಸು ಇಟ್ಟುಕೊಂಡು ಬಾಳೆಹಣ್ಣು ತಿಂದ. ಎರಡನೆಯ ಸುತ್ತಿನಲ್ಲಿ ಬಿಸಿಲು ಏರಿತು. ಹದಿನಾಲ್ಕನೆಯ ಕುಳಿಗೆ ಬರುವಾಗ ನೋವಿರಲಿಲ್ಲ, ಆದರೆ ತೋಳು ಬೇರೆಯವರದ್ದೆಂಬಂತೆ ಭಾರವಾಗಿತ್ತು. ದಣಿದ ಮಾಂಸಖಂಡ ರೆಕ್ಕೆ ಮೂಳೆಯನ್ನು ಹಿಡಿಯುವುದಿಲ್ಲ ಎಂದು ಅಮೃತೇಶ್ ಹೇಳಿದ್ದು ನೆನಪಾಯಿತು. ಬೀಸನ್ನು ಎದೆಯಿಂದ ಹೊಟ್ಟೆಯ ಮಟ್ಟಕ್ಕೆ ಇಳಿಸಿದ. ಅಲ್ಲಿಂದ ಮುಂದೆ ಒಟ್ಟು ಎಷ್ಟಾಯಿತೆಂದು ಎಣಿಸುವುದನ್ನೂ ಬಿಟ್ಟ.

ಹದಿನೇಳನೆಯ ಕುಳಿಗೆ ಮುಂಚೆ ನೀರಿನ ಹೊಂಡ. ಜೊತೆಯವರಿಬ್ಬರೂ ಒಂದೇ ಹೊಡೆತಕ್ಕೆ ದಾಟಿಸಿದರು. ಚಾಮಯ್ಯ ಉದ್ದದ ಕೋಲು ಹೊರಗೆಳೆದು ಹಿಡಿದುಕೊಂಡು ನಿಂತ.

"ದಾಟ್ಸು ಕಣ್ಲಾ. ಇನ್ನೆರಡೇ ಕುಳಿ. ಒಂದೇ ಒಂದು ಬೀಸು. ಆಮೇಲೆ ಭುಜ ಏನಾದ್ರೂ ಆಗ್ಲಿ."

ನಟರಾಜ್ ಹೊಂಡದ ಆಚೆ ನೋಡಿದ. ಎರಡು ವರ್ಷದ ಹಿಂದೆ ಅವನಿಗೆ ಅದು ಯೋಚಿಸುವಂಥ ದೂರವಾಗಿರಲಿಲ್ಲ.

"ಆಮೇಲೆ ಏನಾದ್ರೂ ಆದ್ರೆ ಕಲಿಸೋರು ಯಾರಣ್ಣ?" ಎಂದ. "ಆ ಬೀಸು ಈಗ ನನ್ ತಾವಿಲ್ಲ. ಚಿಕ್ಕದು ಕೊಡು."

ಚಾಮಯ್ಯ ಉದ್ದದ್ದನ್ನು ಒಳಗಿಟ್ಟು ಚಿಕ್ಕ ಕೋಲು ಕೊಟ್ಟ. ನಟರಾಜ್ ನೀರಿನ ಈಚೆಗೇ ಚೆಂಡು ನಿಲ್ಲಿಸಿ, ಅಲ್ಲಿಂದ ಇನ್ನೊಂದು ಸಣ್ಣ ಹೊಡೆತಕ್ಕೆ ದಾಟಿಸಿದ. ಆ ಕುಳಿಗೆ ಎರಡು ಹೊಡೆತ ಹೆಚ್ಚಾಯಿತು. ಕೊನೆಯ ಕುಳಿಯಲ್ಲಿ ಏನಾಯಿತೆಂದು ಅವನಿಗೆ ಸರಿಯಾಗಿ ನೆನಪಿಲ್ಲ. ಹುಲ್ಲಿನ ಮೇಲೆ ಕೂತುಬಿಡಬೇಕೆನಿಸಿದ್ದು ಮಾತ್ರ ನೆನಪಿದೆ.

ಮರದ ನೆರಳಿನಲ್ಲಿ ಒಂದು ಮೇಜು. ಅದರ ಹಿಂದೆ ಕನ್ನಡಕ ಹಾಕಿದ ಹಿರಿಯರೊಬ್ಬರು. ಪ್ರತಿಯೊಬ್ಬನೂ ತನ್ನ ಒಟ್ಟನ್ನು ತಾನೇ ಕೂಡಿ ಬಾಯಲ್ಲಿ ಹೇಳಬೇಕು, ಆಮೇಲೆ ಅವರು ತಾಳೆ ನೋಡುತ್ತಿದ್ದರು. ಯಾವ ಕುಳಿಗೆ ಎಷ್ಟು ಹೊಡೆತವೆಂದು ಜೊತೆಯ ಆಟಗಾರ ಬರೆದಿಟ್ಟಿದ್ದ ಚೀಟಿ ಹಿಡಿದು ನಟರಾಜ್ ಬೆಳಗಿನದನ್ನೂ ಮಧ್ಯಾಹ್ನದ್ದನ್ನೂ ಕೂಡಿದ. ನಂಬಿಕೆಯಾಗದೆ ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಕೂಡಿದ. ಪಕ್ಕದಲ್ಲಿ ಚಾಮಯ್ಯ ಚೀಟಿಯ ಮೇಲೆ ಬಗ್ಗಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಏನ್ಲಾ? ಏಳ್ಲಾ."

"ಸ್ವಲ್ಪ ಜೋರಾಗಿ ಹೇಳಪ್ಪ," ಎಂದರು ಮೇಜಿನ ಹಿಂದಿದ್ದವರು.

ನಟರಾಜ್ ಜೋರಾಗಿ ಹೇಳಿದ: "ನೂರಾ ಐವತ್ತೆಂಟು, ಸಾ."